‘ನನ್ನನ್ನು ಬೀರುವಿಗೆ ಹಾಕಿದ್ದಾರೆ’: ಫ್ರೆಂಚ್ ಆಫೀಸಿನ ಆಡುಮಾತಿನಲ್ಲಿರುವ ರಾಜಕಾರಣ

ಫ್ರೆಂಚ್ ಕ್ಲಾಸಿನಲ್ಲಿ ಕೆಲಸಕ್ಕೆ ‘ತ್ರವಾಯ್’ ಅಂತ ಕಲಿಸ್ತಾರೆ. ಆದರೆ ಆಫೀಸಿನ ಕಾಫಿ ಮಷೀನ್ ಹತ್ತಿರ ಅದು ‘ಬುಲೊ’ ಅಥವಾ ‘ತಾಫ್’. ದುಡಿಯೋದು ‘ಬೊಸ್ಸೆ’. ಕಂಪನಿ ಅಂದ್ರೆ ‘ಬ್ವಾತ್’, ಅಂದರೆ ಡಬ್ಬಿ. ಕೆಲಸದಿಂದ ಕಿತ್ತುಹಾಕೋದು ‘ವಿರೆ’. ಬೆಂಗಳೂರಿನಲ್ಲಿ ಕೂತು ಫ್ರೆಂಚ್ ಟೀಮ್ ಜೊತೆ ಕೆಲಸ ಮಾಡೋರಿಗೆ ಈ ಪದಗಳು ಗೊತ್ತಿರಲೇಬೇಕು. ಇವುಗಳ ಹಿಂದಿನ ಕಥೆ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಮೆಟ್ರೊ, ಕೆಲಸ, ತಾಚಿ

‘ಮೆಟ್ರೊ, ಬುಲೊ, ದೊದೊ’ ಅನ್ನೋ ಮಾತು ಫ್ರಾನ್ಸಿನಲ್ಲಿ ಎಲ್ಲರಿಗೂ ಗೊತ್ತು. ‘ದೊದೊ’ ಮಕ್ಕಳ ಮಾತು, ನಮ್ಮ ‘ತಾಚಿ’ ಇದ್ದ ಹಾಗೆ. ರೈಲು ಹತ್ತು, ದುಡಿ, ಮಲಗು: ಬದುಕು ಇಷ್ಟೇನಾ ಎಂಬ ಬೇಸರ ಅದರಲ್ಲಿದೆ. ಇದರ ಮೂಲ ಕವಿ ಪಿಯೇರ್ ಬೆಯಾರ್ನ್ ಕಾರ್ಖಾನೆ ದುಡಿಮೆಯ ಬಗ್ಗೆ 1951ರಲ್ಲಿ ಪ್ರಕಟಿಸಿದ ಕವಿತೆ. 1968ರ ಮೇ ಚಳವಳಿಯಲ್ಲಿ ಅದು ಘೋಷಣೆಯಾಯಿತು.

ಮುಷ್ಕರಕ್ಕೆ ಬಳಸುವ ‘ಗ್ರೆವ್’ ಪದವೂ ಬೀದಿಯಿಂದಲೇ ಬಂದದ್ದು. ಸೇನ್ ನದಿ ದಂಡೆಯ ಗ್ರೆವ್ ಚೌಕದಲ್ಲಿ ಕೂಲಿ ಹುಡುಕುವವರು ಸೇರುತ್ತಿದ್ದರು. ಈಗ ಅಲ್ಲಿರೋದು ಪ್ಯಾರಿಸ್ ನಗರಸಭೆಯ ಮುಂದಿನ ಚೌಕ.

ಬೀರುವಿನೊಳಗಿನ ನೌಕರ

ಎಚ್ಚರದಿಂದ ಕೇಳಬೇಕಾದ ಮಾತು ‘ಮೆತ್ರ್ ಓ ಪ್ಲಾಕಾರ್’, ಅಂದರೆ ಗೋಡೆಬೀರುವಿಗೆ ಹಾಕೋದು. ಕನ್ನಡದಲ್ಲಿ ಮೂಲೆಗುಂಪು ಮಾಡೋದು. ಸಂಬಳ ಬರುತ್ತೆ, ಕುರ್ಚಿ ಇರುತ್ತೆ. ಆದರೆ ಕೆಲಸ ಕೊಡಲ್ಲ, ಮೀಟಿಂಗಿಗೆ ಕರೆಯಲ್ಲ. ಯಾಕೆ? ಕಾಯಂ ನೌಕರನನ್ನು ತೆಗೆಯೋಕೆ ಫ್ರಾನ್ಸಿನಲ್ಲಿ ಗಟ್ಟಿ ಕಾರಣ ತೋರಿಸಬೇಕು. ಅದು ಇಲ್ಲದಾಗ, ಬೇಸತ್ತು ತಾನೇ ಬಿಟ್ಟು ಹೋಗಲಿ ಅಂತ ಕೆಲವರು ಈ ದಾರಿ ಹಿಡೀತಾರೆ. 2002ರ ಕಾನೂನು ಮಾನಸಿಕ ಕಿರುಕುಳವನ್ನು ಅಪರಾಧ ಎಂದಿತು. ಹೀಗೆ ಮೂಲೆಗುಂಪು ಮಾಡಿದ್ದನ್ನೂ ಕೋರ್ಟುಗಳು ಆ ಲೆಕ್ಕಕ್ಕೆ ಸೇರಿಸಿದ್ದುಂಟು. ಹಾಗಾಗಿ ಸಹೋದ್ಯೋಗಿ ಈ ಮಾತು ಆಡಿದರೆ ನಕ್ಕು ಸುಮ್ಮನಾಗಬೇಡಿ. ಅದು ದೂರು.

‘ನೀನು’ ಅಂದ ಮಾತ್ರಕ್ಕೆ...

‘ತ್ಯು’ ಅಂದರೆ ನೀನು, ‘ವು’ ಅಂದರೆ ನೀವು. ಕನ್ನಡದವರಿಗೆ ಇದು ಕಷ್ಟವಲ್ಲ. ಆದರೆ ಅಲ್ಲಿನ ಎಷ್ಟೋ ಆಫೀಸುಗಳಲ್ಲಿ ಬಾಸ್‌ಗೂ ‘ತ್ಯು’ ಅಂತಾರೆ. ಹೊಸಬರು ‘ವು’ ಇಂದ ಶುರುಮಾಡಿ, ಎದುರಿನವರೇ ಕರೆಯುವವರೆಗೆ ಕಾಯೋದು ಕ್ಷೇಮ. ಮತ್ತೆ, ಏಕವಚನಕ್ಕೆ ಮೋಸ ಹೋಗಬೇಡಿ: ‘ನೀನು’ ಎನ್ನುವ ಬಾಸ್ ಕೂಡ ಬೀರುವಿಗೆ ಹಾಕಬಲ್ಲ.

ಸೇತುವೆ ಕಟ್ಟೋ ಗುರುವಾರ

‘ಫೇರ್ ಲ ಪೋಂ’, ಅಂದರೆ ಸೇತುವೆ ಕಟ್ಟೋದು: ಗುರುವಾರ ಹಬ್ಬ ಇದ್ದರೆ ಶುಕ್ರವಾರವೂ ರಜೆ ಹಾಕಿ ವಾರಾಂತ್ಯಕ್ಕೆ ಜೋಡಿಸೋದು. ಆ ಶುಕ್ರವಾರಕ್ಕೆ ಎಷ್ಟೋ ಜನ ಬಳಸೋದು ‘ಎರ್ ತೆ ತೆ’. 1998 ಮತ್ತು 2000ದ ಕಾನೂನುಗಳು ವಾರದ ದುಡಿಮೆಯನ್ನು 35 ಗಂಟೆಗೆ ಇಳಿಸಿದವು. ಅನೇಕ ಕಂಪನಿಗಳಲ್ಲಿ ಅದನ್ನು ಮೀರಿ ದುಡಿದ ಸಮಯ ರಜೆಯಾಗಿ ವಾಪಸ್ ಸಿಗುತ್ತೆ. ಆ ರಜೆಯ ಹೆಸರೇ ಇದು.

ಇನ್ಫೋಸಿಸ್ ಸಹಸಂಸ್ಥಾಪಕ ನಾರಾಯಣ ಮೂರ್ತಿ 2023ರಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಿದ್ದರು. ಸರಿಯಾಗಿ ಎರಡರಷ್ಟು. ಅಂಥ ಬೆಂಗಳೂರಿನಲ್ಲಿ ಕೂತು ‘ಎರ್ ತೆ ತೆ’ಗೆ ಕನ್ನಡ ಪದ ಹುಡುಕಿ ನೋಡಿ, ಸಿಗಲ್ಲ. ಕೊರತೆ ಕನ್ನಡದ್ದಲ್ಲ. ನಮಗೆ ಆ ಹಕ್ಕೇ ಸಿಕ್ಕಿಲ್ಲ.