ತಾಸಿಗೆ 104 ರೂಪಾಯಿಯ ಮಿಗ್

ಮಿಗ್-21 ಬಿಸ್ ವಿಮಾನದ ಇಂಧನ ಮಾಪಕ ಟ್ಯಾಂಕಿನೊಳಗೆ ಇಣುಕಿ ನೋಡುವುದಿಲ್ಲ. ನೆಲದ ಮೇಲಿರುವಾಗಲೇ ಪೈಲಟ್ ಗುಂಡಿ ತಿರುಗಿಸಿ, ಎಷ್ಟು ಲೀಟರ್ ತುಂಬಿದೆ ಎಂದು ಮುಳ್ಳಿಗೆ ಹೇಳಿಕೊಡಬೇಕು. ಆಮೇಲೆ ಎಂಜಿನ್ ಕುಡಿದಷ್ಟನ್ನು ಅದು ಕಳೆಯುತ್ತಾ ಬರುತ್ತದೆ. ಮೊದಲೇ ತಪ್ಪು ಹೇಳಿದ್ದರೆ ಆ ತಪ್ಪಿನಿಂದಲೇ ಕಳೆಯುತ್ತದೆ. ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್‌ನಲ್ಲಿ ಒಂದು ಸಂಜೆ ಮುಳ್ಳು ಇನ್ನೂ 900 ಲೀಟರ್ ತೋರಿಸುತ್ತಿತ್ತು, ನನ್ನ ಎಂಜಿನ್ ಆರಿಹೋಯಿತು. ಹಾಗಾದದ್ದು ಅದು ಮೂರನೆಯ ಸಲ. ಮರುದಿನ ನೂರು ಪುಟದ ನೋಟ್‌ಬುಕ್ ತಂದು ಎಲ್ಲವನ್ನೂ ಬರೆದಿಡತೊಡಗಿದೆ: ಲೀಟರ್, ರೂಪಾಯಿ, ತಾಸು. ಹಳೆಯ ರಸೀದಿಗಳನ್ನೂ ಹುಡುಕಿ ಸೇರಿಸಿದೆ. 2022ರ ಅಕ್ಟೋಬರ್‌ನಿಂದ 2025ರ ಸೆಪ್ಟೆಂಬರ್‌ವರೆಗೆ, 36 ತಿಂಗಳ ಲೆಕ್ಕ ಈಗ ಅದರಲ್ಲಿದೆ.

ಲೆಕ್ಕ ಕೇಳಿದವಳು ಅವ್ವ. "ಎಷ್ಟು ರೊಕ್ಕ ಹೋತೋ ಯಪ್ಪಾ ಇದಕ್ಕ?"

ಕಂಪ್ಯೂಟರ್‌ಗೆ 84,000 ರೂಪಾಯಿ ಆಯಿತು. ಮಗಳ ಓದು, ನನ್ನ ಕಚೇರಿ ಕೆಲಸ ಎರಡೂ ಅದರಲ್ಲೇ ನಡೆಯುವುದರಿಂದ ಅರ್ಧವನ್ನು, ಅಂದರೆ 42,000 ರೂಪಾಯಿಯನ್ನು ಮಾತ್ರ ವಿಮಾನದ ಖಾತೆಗೆ ಹಾಕಿದ್ದೇನೆ. ಜಾಯ್‌ಸ್ಟಿಕ್ ಮತ್ತು ಥ್ರಾಟಲ್ 11,500. ಕಾಲಿನ ಪೆಡಲ್ ಕೊಂಡಿಲ್ಲ, ಹಿಡಿಕೆಯನ್ನು ತಿರುವಿದರೆ ರಡ್ಡರ್ ತಿರುಗುತ್ತದೆ. ತಲೆ ಹೊರಳಿಸಿದ ಕಡೆ ಪರದೆಯ ನೋಟವೂ ಹೊರಳಲೆಂದು 2,200ರ ಒಂದು ವೆಬ್‌ಕ್ಯಾಮ್, ಅದಕ್ಕೆ ಬೇಕಾದ ಓಪನ್‌ಟ್ರ್ಯಾಕ್ ತಂತ್ರಾಂಶ ಉಚಿತ. ಒಂದು ಟೆರಾಬೈಟ್‌ನ ಎಸ್‌ಎಸ್‌ಡಿಗೆ 6,000, ಯುಪಿಎಸ್‌ಗೆ 5,800. ಸಿಮ್ಯುಲೇಟರ್‌ನ ಮೂಲ ಭಾಗಕ್ಕೆ ದುಡ್ಡಿಲ್ಲ. ಕಾಕಸಸ್ ನಕಾಶೆ, ಸು-25ಟಿ ಮತ್ತು ಆಯುಧವಿಲ್ಲದ ಮಸ್ಟಾಂಗ್ ಅದರ ಜೊತೆಗೇ ಬರುತ್ತವೆ. ಕೊಳ್ಳಬೇಕಾದದ್ದು ಬೇರೆ ಬೇರೆ ವಿಮಾನಗಳನ್ನು. ನಾನು ಕೊಂಡದ್ದು ಎರಡು: 49.99 ಡಾಲರಿನ ಮಿಗ್-21 ಬಿಸ್, 79.99 ಡಾಲರಿನ ಎಫ್/ಎ-18 ಹಾರ್ನೆಟ್. ಎರಡನ್ನೂ ಅರ್ಧ ಬೆಲೆಯ ಮಾರಾಟಕ್ಕೆ ಕಾದು ಕೊಂಡೆ. ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕವೂ ಸೇರಿ 5,600 ರೂಪಾಯಿ.

ಕೂಡಿದರೆ 73,100. ವಿದ್ಯುತ್ತಿಗೆ 2,000 ಹಿಡಿಯಿರಿ (ಅದರ ಕಥೆ ಮುಂದಿದೆ). ಒಟ್ಟು 75,100 ರೂಪಾಯಿ. ಪರದೆಯ ಮುಂದೆ ಕೂತದ್ದು 720 ತಾಸು. ಭಾಗಿಸಿದರೆ ತಾಸಿಗೆ 104.

"ನೂರಾ ನಾಕು ರೂಪಾಯಿ ಅವ್ವಾ, ತಾಸಿಗೆ."

"ಹಂಗಾರ ಸಿನಿಮಾಕ್ಕಿಂತ ಭಾಳ ಏನಿಲ್ಲ ಬಿಡು" ಅಂದಳು. 200 ರೂಪಾಯಿ ಟಿಕೆಟಿನ ಎರಡೂವರೆ ತಾಸಿನ ಸಿನಿಮಾ ತಾಸಿಗೆ 80 ರೂಪಾಯಿಗೆ ಬೀಳುತ್ತದೆ. ಅವಳ ಅಂದಾಜು ಸರಿಯಾಗಿಯೇ ಇತ್ತು.

ರೂಪಾಯಿಯ ಲೆಕ್ಕ ಹೀಗೆ ಸುಲಭವಾಗಿ ಮುಗಿಯಿತು. ತಾಸುಗಳ ಲೆಕ್ಕ ಮಾಡಿದಾಗ ಮಾತ್ರ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ 720ರಲ್ಲಿ 130 ತಾಸು ಹಾರಾಟವೇ ಅಲ್ಲ: ಫೈಲ್ ಇಳಿಯುವುದಕ್ಕೆ ಕಾದದ್ದು, ಬಟನ್‌ಗಳಿಗೆ ಕೆಲಸ ಹಂಚಿದ್ದು, ಚಿತ್ರ ತಡವರಿಸಿದಾಗ ಸೆಟ್ಟಿಂಗ್ ತಿದ್ದಿದ್ದು. ಮೊದಲ ದಿನ ಸುಮಾರು 120 ಜಿಬಿ ಇಳಿಸಿಕೊಳ್ಳಬೇಕಿತ್ತು. ಸೆಕೆಂಡಿಗೆ 40 ಮೆಗಾಬಿಟ್‌ನ ಸಂಪರ್ಕದಲ್ಲಿ ಅದಕ್ಕೆ 6 ತಾಸು 40 ನಿಮಿಷ. ಒಮ್ಮೆ ಟೇಬಲ್ ಒರೆಸುವಾಗ ಜಾಯ್‌ಸ್ಟಿಕ್ಕಿನ ತಂತಿ ಕಿತ್ತು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದೆ. ಕಂಪ್ಯೂಟರ್ ಅದನ್ನು ಹೊಸ ಸಾಧನವೆಂದು ತಿಳಿಯಿತು, ಹಂಚಿಟ್ಟಿದ್ದ 60ಕ್ಕೂ ಹೆಚ್ಚು ಬಟನ್ ಕೆಲಸಗಳು ಖಾಲಿಯಾದವು. ಪ್ರತಿ ಇಟ್ಟುಕೊಂಡಿರಲಿಲ್ಲ. ಆ ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಇನ್ನು 210 ತಾಸು ಪಾಠಕ್ಕೆ. ಈ ಬಗೆಯ ಸಿಮ್ಯುಲೇಟರ್‌ಗಳು ಓದಿಸುವುದು ಹೊಸದೇನಲ್ಲ. 1998ರ ಡಿಸೆಂಬರ್‌ನಲ್ಲಿ ಬಂದ ಫಾಲ್ಕನ್ 4.0 ಆಟದ ಡಬ್ಬಿಯಲ್ಲಿ 600 ಪುಟದ ಆಸುಪಾಸಿನ ಕೈಪಿಡಿ ಇತ್ತು. ಡಿಸಿಎಸ್‌ನ ಎ-10ಸಿ ವಿಮಾನದ ಕೈಪಿಡಿಯೂ 600 ಪುಟ ದಾಟುತ್ತದೆ. ಎಫ್-16ರ ದಿಕ್ಸೂಚಕ ವ್ಯವಸ್ಥೆ ತಾನು ಎಲ್ಲಿದ್ದೇನೆಂದು ಪೂರ್ತಿ ಅರಿತುಕೊಳ್ಳಲು ನೆಲದ ಮೇಲೆ ಸುಮಾರು 8 ನಿಮಿಷ ಬೇಕು, ಆಟದಲ್ಲೂ ಅಷ್ಟೇ ಹೊತ್ತು ಕಾಯಬೇಕು. ಮಿಗ್-21ರ ಕಾಕ್‌ಪಿಟ್‌ನಲ್ಲಿ ಅಕ್ಷರಗಳೆಲ್ಲ ರಷ್ಯನ್. ಇಂಗ್ಲಿಷ್ ಫಲಕಗಳನ್ನು ಹಾಕಿಕೊಳ್ಳುವ ಅವಕಾಶ ಇದೆ, ನಾನು ಹಾಕಿಕೊಳ್ಳಲಿಲ್ಲ. ಎಂಜಿನ್ ಚಾಲೂ ಮಾಡುವ 31 ಹೆಜ್ಜೆಗಳನ್ನು ಕನ್ನಡದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದೆ. "ಬ್ಯಾಟರಿ. ಜೈರೋ. ಪಂಪು ಮೂರೂ. ಇಂಧನ ಮುಳ್ಳು ತಿರುವು, ಮರೀಬ್ಯಾಡ." ಈಗ ಚೀಟಿ ನೋಡದೆ 4 ನಿಮಿಷದಲ್ಲಿ ಮುಗಿಸುತ್ತೇನೆ. ಮೊದಲ ದಿನ 50 ನಿಮಿಷ ಹಿಡಿದಿತ್ತು.

ಉಳಿದ 380ರಲ್ಲಿ 290 ತಾಸು ಎದ್ದು, ದಾರಿ ಹಿಡಿದು, ಹೋಗಿ, ಮರಳಿ ಬಂದು ಇಳಿದದ್ದು. ಯುದ್ಧ ಎಂದು ಕರೆಯಬಹುದಾದದ್ದು 90 ತಾಸು ಮಾತ್ರ, ಒಟ್ಟಿನಲ್ಲಿ ಎಂಟನೇ ಒಂದು ಪಾಲು. ಅದಕ್ಕೇ ಎಲ್ಲ ಖರ್ಚನ್ನೂ ಹೊರಿಸಿದರೆ ಯುದ್ಧದ ತಾಸಿಗೆ 834 ರೂಪಾಯಿ. ಗುಂಡು ಹಾರಿಸುವ ಆಸೆಯೊಂದೇ ಇದ್ದವರಿಗೆ ಈ ಸಿಮ್ಯುಲೇಟರ್ ದುಬಾರಿ. ಅವರು ಬೇರೆ ಆಟ ಹುಡುಕಿಕೊಳ್ಳುವುದೇ ಒಳ್ಳೆಯದು, ಇದು ನನ್ನ ಖಚಿತ ಅಭಿಪ್ರಾಯ.

ನನಗೆ ಸಿಕ್ಕಿದ್ದು ಇಳಿಯುವುದರಲ್ಲಿ. ಮೊದಲ 50 ಇಳಿತಗಳಲ್ಲಿ ವಿಮಾನ ಮುರಿಯದೆ ನಿಂತದ್ದು 9 ಸಲ. ತಪ್ಪು ಒಂದೇ ಜಾಗದಲ್ಲಿತ್ತು, ಅದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮಿಗ್-21 ಬಿಸ್ ಇಳಿಯುವಾಗ ಎಂಜಿನ್ನಿನ ಒತ್ತಡದ ಗಾಳಿಯನ್ನು ರೆಕ್ಕೆಯ ಫ್ಲ್ಯಾಪ್‌ಗಳ ಮೇಲೆ ಹಾಯಿಸಿ ಎತ್ತುವ ಬಲವನ್ನು ಹೆಚ್ಚಿಸಿಕೊಳ್ಳುತ್ತದೆ. ಓಡುದಾರಿ ಹತ್ತಿರ ಬಂತೆಂದು ಥ್ರಾಟಲ್ ಪೂರ್ತಿ ಹಿಂದಕ್ಕೆಳೆದರೆ ಆ ಗಾಳಿಯೂ ಕಡಿಮೆಯಾಗುತ್ತದೆ, ವಿಮಾನ ಬಾವಿಗೆ ಬಿದ್ದ ಕೊಡದಂತೆ ಕೆಳಗೆ ಕುಸಿಯುತ್ತದೆ. ಆದ್ದರಿಂದ ಚಕ್ರ ನೆಲ ಮುಟ್ಟುವವರೆಗೂ ಎಂಜಿನ್ ಉಸಿರಾಡುತ್ತಿರಬೇಕು. ನೆಲ ಮುಟ್ಟುವ ವೇಗ ಗಂಟೆಗೆ ಸುಮಾರು 280 ಕಿ.ಮೀ., ಅಂದರೆ ಸೆಕೆಂಡಿಗೆ 78 ಮೀಟರ್. ನಮ್ಮ ಮನೆ ಗೋಕುಲ ರಸ್ತೆಯ ಆಸುಪಾಸಿನಲ್ಲಿದೆ, ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುವ ಬರುವ ವಿಮಾನಗಳ ಸದ್ದು ಕೇಳುತ್ತದೆ. ಅಲ್ಲಿನ ಓಡುದಾರಿ 2,600 ಮೀಟರ್. ಬ್ರೇಕೂ ಪ್ಯಾರಾಚೂಟೂ ಇಲ್ಲದೆ ಆ ವೇಗದಲ್ಲೇ ಉರುಳಿದರೆ ಅದು 33 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಮುಟ್ಟುವ ಮುಂಚೆ 5 ಸೆಕೆಂಡ್ ತೇಲಿದರೆ 390 ಮೀಟರ್ ಕೈಬಿಟ್ಟಂತೆ.

ಈ ಅಂಕಿಗಳು ಕೈಗೆ ಹತ್ತಿದ ಮೇಲೆಯೇ ಇನ್ನೊಂದು ಅಂಕಿ ನನಗೆ ಅರ್ಥವಾದದ್ದು. ಭಾರತೀಯ ವಾಯುಪಡೆಗೆ ಮಿಗ್-21 ಬಂದದ್ದು 1963ರಲ್ಲಿ. 870ಕ್ಕೂ ಹೆಚ್ಚು ವಿಮಾನಗಳು ಸೇವೆಯಲ್ಲಿದ್ದವು, ಅವುಗಳಲ್ಲಿ ಬಹಳಷ್ಟು ಎಚ್‌ಎಎಲ್‌ನ ನಾಸಿಕ್ ಘಟಕದಲ್ಲಿ ತಯಾರಾದವು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್, ಹುಡುಗರು ಕಲಿಯುತ್ತಿದ್ದ ಜೆಟ್. ಶಬ್ದದ ವೇಗಕ್ಕಿಂತ ಕೆಳಗೆ ಹಾರುವ ಆ ಸಾಧು ವಿಮಾನದಿಂದ ಇಳಿದವರಲ್ಲಿ ಎಷ್ಟೋ ಮಂದಿ ಹೋಗಿ ಹತ್ತುತ್ತಿದ್ದದ್ದು ಇದೇ ಮಿಗ್. ನಡುವೆ ಒಂದು ಮೆಟ್ಟಿಲು ಬೇಕು, ಸುಧಾರಿತ ತರಬೇತಿ ಜೆಟ್ ಕೊಳ್ಳಬೇಕು ಎಂದು ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಖರೀದಿಯ ಒಪ್ಪಂದ ಆದದ್ದು 2004ರಲ್ಲಿ. ಬೀದರ್ ವಾಯುನೆಲೆಯಲ್ಲಿ ಹಾಕ್ ವಿಮಾನಗಳು ಸೇವೆಗೆ ಸೇರಿದ್ದು 2008ರಲ್ಲಿ. ಮೊದಲ ಒಪ್ಪಂದದ 66ರಲ್ಲಿ 24 ಬ್ರಿಟನ್ನಿನಿಂದ ಸಿದ್ಧವಾಗಿ ಬಂದವು, 42 ಎಚ್‌ಎಎಲ್ ಕಟ್ಟಬೇಕಾದವು. ಸಲಹೆಗೂ ವಿಮಾನಕ್ಕೂ ನಡುವೆ 26 ವರ್ಷ.

ಆ 26 ವರ್ಷವನ್ನು ಪತ್ರಿಕೆಯಲ್ಲಿ ಹಿಂದೆಯೂ ಓದಿದ್ದೆ, ಓದಿ ಪುಟ ತಿರುವಿದ್ದೆ. 50ರಲ್ಲಿ 41 ಸಲ ನೆಲಕ್ಕಪ್ಪಳಿಸಿದ ಮೇಲೆ ಓದಿದಾಗ ಪುಟ ತಿರುವಲಾಗಲಿಲ್ಲ. ಎರಡು ಆಸನದ ಮಿಗ್‌ನಲ್ಲಿ ಗುರುವಿನ ಜೊತೆ ಕೆಲವು ಹಾರಾಟ ಕಿರಣ್‌ನಿಂದ ಮಿಗ್‌ಗೆ ಬಂದವರಿಗಿತ್ತು, ನಿಜ. ಆದರೆ ನನಗಿರುವ ಒಂದು ಗುಂಡಿ ಅವರಿಗೆ ಇರಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡುವ ಗುಂಡಿ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗರು. ನನ್ನ ಕೊನೆಯ 50 ಇಳಿತಗಳಲ್ಲಿ 43 ಸರಿಯಾಗಿವೆ. ಆ ಅಂಕಿ ಬರೆಯುವಾಗ ಹೆಮ್ಮೆಯ ಜೊತೆ ಅವರ ನೆನಪೂ ಬರುತ್ತದೆ.

ವಿದ್ಯುತ್ತಿನ ಮಾತಿಗೆ ಬರುತ್ತೇನೆ. ಕಂಪ್ಯೂಟರ್, ಮಾನಿಟರ್ ಸೇರಿ ಹಾರಾಟದ ಹೊತ್ತಿನಲ್ಲಿ ಸುಮಾರು 400 ವ್ಯಾಟ್. ತಿಂಗಳಿಗೆ ಸರಾಸರಿ 20 ತಾಸು, ಅಂದರೆ 8 ಯೂನಿಟ್. 36 ತಿಂಗಳಿಗೆ 288 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದರೆ 2,016. 2023ರ ಜುಲೈನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂತು. 2022-23ರ ಮಾಸಿಕ ಸರಾಸರಿಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ, ಅಷ್ಟು ಉಚಿತ. ನಮ್ಮ ಮನೆಯ ಸರಾಸರಿ 110, ಆದ್ದರಿಂದ ಮಿತಿ 121. ಮನೆಯ ಬಳಕೆಗೂ ಮಿತಿಗೂ ನಡುವಿನ ಆ 11 ಯೂನಿಟ್ ಸಂದಿಯಲ್ಲಿ ನನ್ನ ಮಿಗ್ ಹಾರಬೇಕು. ಒಂದು ದೀಪಾವಳಿ ತಿಂಗಳಲ್ಲಿ 45 ತಾಸು ಕೂತೆ, 18 ಯೂನಿಟ್ ಆಯಿತು, ಮೇಲಿನ 7 ಯೂನಿಟ್‌ಗೆ ಬಿಲ್ ಬಂತು. ಗೃಹಜ್ಯೋತಿಯ ಉಳಿದ ತಿಂಗಳುಗಳಲ್ಲಿ ಶೂನ್ಯ ಬಂದರೂ ಆ ಹಣವನ್ನು ಖರ್ಚಿಗೆ ಹಿಡಿದಿದ್ದೇನೆ. ನಾನು ಕೊಡದಿದ್ದರೂ ಅದನ್ನು ಯಾರೋ ಕೊಟ್ಟೇ ಇದ್ದಾರೆ.

ಯುಪಿಎಸ್ ಕೊಂಡದ್ದು ಒಂದು ಮಳೆಗಾಲದ ರಾತ್ರಿಯ ನಂತರ. ಒಂದೂಕಾಲು ತಾಸಿನ ಹಾರಾಟ ಮುಗಿಸಿ, ಚಕ್ರ ಕೆಳಗಿಳಿಸಿ, ಓಡುದಾರಿಯ ದೀಪಗಳು ನೇರ ಕಾಣುತ್ತಿದ್ದಾಗ ಕರೆಂಟ್ ಹೋಯಿತು. ಕತ್ತಲ ಕೋಣೆಯಲ್ಲಿ ಕೈ ಇನ್ನೂ ಥ್ರಾಟಲ್ ಮೇಲೇ ಇತ್ತು. 5,800 ರೂಪಾಯಿ ಕೊಟ್ಟು ನಾನು ಕೊಂಡದ್ದು 8 ನಿಮಿಷ, ಇಳಿಯಲು ಸಾಕು.

ಅಂತರ್ಜಾಲದಲ್ಲಿ ಬೇರೆಯವರ ಜೊತೆ ಹಾರುವವರಿಗೆ ದೂರವೇ ಮುಖ್ಯ ತೊಡಕು. ಯುರೋಪಿನ ಸರ್ವರ್‌ಗಳೇ ಹೆಚ್ಚು. ಹುಬ್ಬಳ್ಳಿಯಿಂದ ಫ್ರಾಂಕ್‌ಫರ್ಟ್ ನೇರ ಗೆರೆಯಲ್ಲೇ ಸುಮಾರು 7,000 ಕಿ.ಮೀ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹಾಗಾಗಿ ಹೋಗಿಬರಲು 70 ಮಿಲಿಸೆಕೆಂಡ್‌ಗಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ನನಗೆ ಸಿಗುವುದು 150ರ ಸುತ್ತ. 900 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ 37 ಮೀಟರ್ ಮುಂದೆ ಹೋಗಿರುತ್ತದೆ. ಕಂಪ್ಯೂಟರ್ ಅಂದಾಜಿನಿಂದ ಆ ಕೊರತೆ ತುಂಬಿ ತೋರಿಸುತ್ತದೆ, ಎದುರಾಳಿ ಗಕ್ಕನೆ ತಿರುಗಿದಾಗ ಅಂದಾಜು ತಪ್ಪುತ್ತದೆ. ಫಿರಂಗಿಯ ಗುರಿ ಅಲ್ಲಿಯೇ ಹಾಳಾಗುವುದು.

ನನ್ನನ್ನು ಹೆಚ್ಚು ಕಾಡುವ ಕೊರತೆ ಇನ್ನೊಂದು. ಡಿಸಿಎಸ್‌ನಲ್ಲಿ ಸಿರಿಯಾ ಇದೆ, ಪರ್ಷಿಯನ್ ಕೊಲ್ಲಿ ಇದೆ, 2024ರಲ್ಲಿ ಅಫ್ಘಾನಿಸ್ತಾನವೂ ಬಂತು. ಭಾರತದ ನಕಾಶೆ ಇಲ್ಲ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇಡೀ ಭೂಮಿ ಇದೆ, ಉಣಕಲ್ ಕೆರೆಯೂ ಇದೆ, ಆದರೆ ಅಲ್ಲಿ ಆಯುಧವಿಲ್ಲ. ಚಿಗರಿ ಬಸ್ಸುಗಳು ಓಡುವ ಹುಬ್ಬಳ್ಳಿ-ಧಾರವಾಡದ 22 ಕಿ.ಮೀ. ಮಾರ್ಗವನ್ನು ಅದರಲ್ಲಿ 900 ಕಿ.ಮೀ. ವೇಗದಲ್ಲಿ ದಾಟಿದ್ದೇನೆ, 88 ಸೆಕೆಂಡ್. ನವಲೂರು ಬಂತು ಅನ್ನುವಷ್ಟರಲ್ಲಿ ಧಾರವಾಡ ಹಿಂದೆ ಸರಿದಿರುತ್ತದೆ. ಮಗಳು ಅಂದು ಚಪ್ಪಾಳೆ ಹೊಡೆದಿದ್ದಳು.

ನಮ್ಮ ವಾಯುಪಡೆಯಲ್ಲಿರುವ ಮಿರಾಜ್ 2000 ಡಿಸಿಎಸ್‌ನಲ್ಲೂ ಉಂಟು. ಕೊಳ್ಳುವ ಆಸೆಯಿತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು ರೂಪಿಸಿದ ರಾಜ್‌ಬ್ಯಾಮ್ ಮತ್ತು ಡಿಸಿಎಸ್‌ನ ಈಗಲ್ ಡೈನಾಮಿಕ್ಸ್ ನಡುವೆ ಹಣದ ವಿವಾದ ಬಯಲಿಗೆ ಬಂತು. ಯಾರು ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ, ನಾನು ಕೊಳ್ಳಲಿಲ್ಲ ಅಷ್ಟೇ. ಹೊಸದಾಗಿ ಬರುವವರಿಗೂ ನನ್ನ ಮಾತು ಒಂದೇ: ಮೊದಲ 50 ತಾಸು ಉಚಿತ ಸು-25ಟಿಯಲ್ಲಿ ಕಳೆಯಿರಿ, ರೊಕ್ಕ ಬಿಚ್ಚುವುದು ಆಮೇಲೆ.

ನಿಜವಾದ ಹಾರಾಟದ ಶಾಲೆ ನಮಗೆ ಹತ್ತಿರದ ಬೆಳಗಾವಿಯ ಸಾಂಬ್ರಾದಲ್ಲಿದೆ, ರಸ್ತೆಯಲ್ಲಿ ನೂರು ಕಿ.ಮೀ. ಆಸುಪಾಸು. ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದದ್ದು 200 ತಾಸಿನ ಹಾರಾಟ. ನನ್ನ 720 ತಾಸಿನಲ್ಲಿ ಒಂದು ನಿಮಿಷವೂ ಅಲ್ಲಿ ನಡೆಯುವುದಿಲ್ಲ. ನಡೆಯಬಾರದು ಕೂಡ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಾಯುಪಡೆ ವಿದಾಯ ಹೇಳಿತು, 62 ವರ್ಷದ ಸೇವೆಯ ನಂತರ. ಆಟದಲ್ಲಿ ಅದು 2014ರಿಂದ ಇದೆ, ಇನ್ನೂ ಹಾರುತ್ತಿದೆ. ಆ ಸಂಜೆ ಆಯುಧ ಹಾಕಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು 31 ಹೆಜ್ಜೆಗಳನ್ನು ಗಟ್ಟಿಯಾಗಿ ಓದಿಸಿದೆ, ಇಂಧನದ ಮುಳ್ಳನ್ನು ಅವಳೇ ತಿರುಗಿಸಿದಳು. ಕಪ್ಪು ಸಮುದ್ರದ ಅಂಚಿನಲ್ಲಿ 38 ನಿಮಿಷ ಹಾರಿದೆವು. 450 ಲೀಟರಿಗೆ ಹೊತ್ತಿಕೊಳ್ಳುವ ಎಚ್ಚರಿಕೆಯ ದೀಪ ಹೊತ್ತುವ ಮುಂಚೆಯೇ ಇಳಿದೆವು. ನೋಟ್‌ಬುಕ್ಕಿನ 94ನೇ ಪುಟದಲ್ಲಿ ಅವಳ ಅಕ್ಷರದಲ್ಲಿದೆ: ಇಳಿತ 340, ವೇಗ 275, ಉಳಿದದ್ದು 640 ಲೀಟರ್.