ನರಿಮೊಗರಿನ ಜೀರಾ ಬಾಟಲಿ

ಕಬಕ-ಪುತ್ತೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೊರಟ ರೈಲಿಗೆ ಸಿಗುವ ಪುಟ್ಟ ನಿಲ್ದಾಣ ನರಿಮೊಗರು. ಆಮೇಲೆ ಕಾಣಿಯೂರು, ಎಡಮಂಗಲ, ಕೋಡಿಂಬಾಳ, ನೆಟ್ಟಣ. ದಾರಿಯುದ್ದಕ್ಕೂ ಅಡಿಕೆ ತೋಟ, ರಬ್ಬರು, ಗೇರುಗುಡ್ಡೆ. ರಾಜ್ಯದ ಉದ್ದಗಲಕ್ಕೂ ಗೂಡಂಗಡಿಗಳ ಫ್ರಿಜ್ಜಿನಲ್ಲಿ ಜಾಗ ಹಿಡಿದಿರುವ ‘ಬಿಂದು’ ಜೀರಾ ಬಾಟಲಿ ಹುಟ್ಟಿದ್ದು ಈ ನರಿಮೊಗರಿನಲ್ಲಿ.

ಇದನ್ನು ಕಟ್ಟಿದ ಸತ್ಯಶಂಕರ್ ಸುಳ್ಯ ತಾಲ್ಲೂಕಿನ ಬೆಳ್ಳಾರೆ ಕಡೆಯವರು. ಪೌರೋಹಿತ್ಯದ ಮನೆತನ. ಪಿಯುಸಿ ಆದ ಮೇಲೆ ಮುಂದೆ ಓದುವ ಅನುಕೂಲ ಇರಲಿಲ್ಲ. 1980ರ ದಶಕದಲ್ಲಿ ಸ್ವ-ಉದ್ಯೋಗ ಯೋಜನೆಯ ಸಾಲ ಪಡೆದು ಒಂದು ರಿಕ್ಷಾ ತೆಗೆದುಕೊಂಡರು. ಹಗಲು-ರಾತ್ರಿ ಓಡಿಸಿ ಆ ಸಾಲವನ್ನು ಒಂದೇ ವರ್ಷದಲ್ಲಿ ತೀರಿಸಿದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಉದ್ಯಮದ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ಒಂದು ವರ್ಷ.

ಹಳ್ಳಿಯ ರಿಕ್ಷಾದವರಿಗೆ ಊರಿನ ಒಳಗುಟ್ಟು ಗೊತ್ತಿರುತ್ತದೆ. ನಡುರಾತ್ರಿ ಹೆರಿಗೆ ನೋವೆಂದರೆ ಕರೆ ಬರುವುದು ಅವರಿಗೆ. ಅಡಿಕೆ ಮಾರಿ ಬಂದವರು ಯಾರು, ದುಡ್ಡು ಕೊಡಲು ತಿಂಗಳು ಕಾಯಿಸುವವರು ಯಾರು, ಮಳೆಗಾಲದಲ್ಲಿ ಯಾವ ರಸ್ತೆ ಕೈಕೊಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಗಿರಾಕಿಯ ಕಷ್ಟವನ್ನು ಹತ್ತಿರದಿಂದ ಕಾಣುವ ಈ ಅಭ್ಯಾಸವೇ ಸತ್ಯಶಂಕರ್ ಅವರ ಮೊದಲ ಬಂಡವಾಳ ಎಂದು ನನ್ನ ನಂಬಿಕೆ.

ಅವರು ಮುಂದಿಟ್ಟ ಹೆಜ್ಜೆಗಳನ್ನು ಸಾಲಾಗಿ ನೋಡಿ. ರಿಕ್ಷಾ ಮಾರಿ ಅಂಬಾಸಿಡರ್ ಟ್ಯಾಕ್ಸಿ. ಅದಾದ ಮೇಲೆ ಪುತ್ತೂರಿನಲ್ಲಿ ವಾಹನದ ಬಿಡಿಭಾಗಗಳ ಅಂಗಡಿ, ಬಳಿಕ ಟಯರು. ವಾಹನ ಕೊಳ್ಳುವ, ಟಯರು ಹಾಕಿಸುವ ಜನರಿಗೆ ಒಟ್ಟಿಗೆ ದುಡ್ಡು ಹೊಂದಿಸುವುದು ಕಷ್ಟ ಎಂದು ಕಂಡಾಗ, ತೊಂಬತ್ತರ ದಶಕದಲ್ಲಿ ವಾಹನ ಸಾಲದ ಕಂಪನಿ. ಒಂದು ದಂಧೆಯಲ್ಲಿ ಕಲಿತದ್ದೇ ಮುಂದಿನದಕ್ಕೆ ದಾರಿ ತೋರಿಸಿದೆ. ಸಾಲ ತೆಗೆದು ತೀರಿಸಿದ ಮನುಷ್ಯ ಸಾಲ ಕೊಡಲು ಕೂತಾಗ ಎದುರಿನವರ ಯೋಗ್ಯತೆ ತೂಗುವುದು ಬೇರೆಯೇ ರೀತಿ.

2000ದಲ್ಲಿ ಬಾಟಲಿ ನೀರು ಬಂತು. ಟಯರಿಗೂ ನೀರಿಗೂ ಎಲ್ಲಿಯ ಸಂಬಂಧ? ನೀರಿನ ಬಾಟಲಿಗೆ ಬೆಲೆ ಕಡಿಮೆ, ಭಾರ ಜಾಸ್ತಿ. ದೂರದಿಂದ ತಂದರೆ ಲಾಭವನ್ನೆಲ್ಲ ಲಾರಿ ಬಾಡಿಗೆಯೇ ನುಂಗುತ್ತದೆ. ಹಾಗಾಗಿ ಈ ವ್ಯಾಪಾರದಲ್ಲಿ ಅರ್ಧ ಭಾಗ ಸಾಗಾಟದ್ದೇ. ಡೀಸೆಲ್, ಟಯರು, ಡ್ರೈವರು, ರಸ್ತೆ ಇವುಗಳ ಲೆಕ್ಕ ಬಲ್ಲವರಿಗೆ ಅದು ಅಪರಿಚಿತ ಕ್ಷೇತ್ರವೇನಲ್ಲ.

ಎರಡು ವರ್ಷದ ಬಳಿಕ ಜೀರಾ. ಉತ್ತರ ಭಾರತದ ಪ್ರವಾಸದಲ್ಲಿ ಜನ ಸೋಡಾಕ್ಕೆ ಜೀರಿಗೆ ಮಸಾಲೆ ಬೆರೆಸಿ ಕುಡಿಯುವುದನ್ನು ಕಂಡದ್ದು ಇದಕ್ಕೆ ಪ್ರೇರಣೆ ಎಂದು ಅವರು ಹೇಳುತ್ತಾರೆ. ಕೋಲಾ ಕಂಪನಿಗಳ ಎದುರು ದೇಶೀ ಪಾನೀಯಗಳು ನಿಲ್ಲುವುದು ಕಷ್ಟವಾಗಿದ್ದ ಕಾಲ ಅದು. 1993ರಲ್ಲಿ ಪಾರ್ಲೆಯಂಥ ಪಾರ್ಲೆಯೇ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳನ್ನು ಕೋಕಾ-ಕೋಲಾಕ್ಕೆ ಮಾರಿತ್ತು. ಪುತ್ತೂರಿನ ಕಂಪನಿ ಇನ್ನೊಂದು ಕೋಲಾ ಮಾಡಲು ಹೋಗಲಿಲ್ಲ. ಊಟ ಹೆಚ್ಚಾದರೆ, ಹೊಟ್ಟೆ ಉಬ್ಬರಿಸಿದರೆ ಜೀರಿಗೆ ಕಷಾಯ ಕುದಿಸುವ ಮನೆಗಳ ನಾಲಿಗೆಯನ್ನೇ ನೆಚ್ಚಿಕೊಂಡಿತು.

ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಸೋಡಾ ತುಂಬಿದ ಗ್ಲಾಸಿಗೆ ಮನೆಯಲ್ಲೇ ಒಂದು ಚಿಟಿಕೆ ಜೀರಿಗೆ ಪುಡಿ ಹಾಕಿ ನೋಡಿ. ಭರ್ರೆಂದು ನೊರೆ ಉಕ್ಕಿ ಅರ್ಧ ಗ್ಲಾಸು ಮೇಜಿನ ಮೇಲೆ ಚೆಲ್ಲುತ್ತದೆ. ಪುಡಿಯ ಒಂದೊಂದು ಕಣದ ಸುತ್ತಲೂ ಗ್ಯಾಸು ಗುಳ್ಳೆಗಟ್ಟಿ ಮೇಲೇಳುವುದೇ ಕಾರಣ. ಉಳಿದ ಪುಡಿ ತಳ ಹಿಡಿಯುತ್ತದೆ. ಆದ್ದರಿಂದ ಬಾಟಲಿಗೆ ಹೋಗಬೇಕಾದ್ದು ಪುಡಿಯಲ್ಲ, ಜೀರಿಗೆಯ ಸಾರ. ನೀರನ್ನು ಶುದ್ಧಗೊಳಿಸಿ, ಸಕ್ಕರೆ ಪಾಕ ಮತ್ತು ಮಸಾಲೆಯನ್ನು ಹದವಾಗಿ ಸೇರಿಸಿ, ಚೆನ್ನಾಗಿ ತಣಿಸಿ, ಒತ್ತಡದಲ್ಲಿ ಗ್ಯಾಸು ತುಂಬಬೇಕು. ತಣ್ಣಗಿದ್ದಷ್ಟೂ ಗ್ಯಾಸು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಹದ ಒಂದಿಷ್ಟು ತಪ್ಪಿದರೂ ರುಚಿ ಔಷಧಿಯದ್ದಾಗುತ್ತದೆ.

ಈ ನೆಲಕ್ಕೆ ಇಂಥ ಕಟ್ಟಾಳುಗಳು ಹೊಸಬರಲ್ಲ. ಅಡಿಕೆ ಧಾರಣೆ ಕುಸಿದ ದಿನಗಳಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಕೂಡಿಸಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಅದಕ್ಕೂ ಹಿಂದೆ, 1928ರಲ್ಲಿ, ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನದ ಚಿಲ್ಲರೆ ಸಂಗ್ರಹಿಸುವ ಪಿಗ್ಮಿ ಆರಂಭಿಸಿದ್ದರು. ದಿನದ ಗಳಿಕೆಯಲ್ಲಿ ಸ್ವಲ್ಪ ತೆಗೆದಿಡಬೇಕು, ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಪಾಠ ಕರಾವಳಿಯ ಸಣ್ಣ ವ್ಯಾಪಾರಿಗಳಿಗೆ ಸಿಕ್ಕಿದ್ದು ಹೀಗೆ. ಆ ಪಾಠಕ್ಕೆ ಕೈಕಸುಬಿನ ಅರಿವೂ ಸೇರಿದಾಗ ಅಂಗಡಿ ಬೆಳೆಯುತ್ತದೆ. ಪ್ರಾಮಾಣಿಕತೆ ಇದ್ದು ಲೆಕ್ಕ ಬಾರದವರ ಅಂಗಡಿ ಉದ್ರಿ ಪುಸ್ತಕದಲ್ಲೇ ಮುಳುಗುತ್ತದೆ. ಲೆಕ್ಕ ಬಲ್ಲವರಿಗೆ ನೀತಿ ಇಲ್ಲದಿದ್ದರೆ ಗಿರಾಕಿ ಇನ್ನೊಮ್ಮೆ ಮೆಟ್ಟಿಲು ಹತ್ತುವುದಿಲ್ಲ.

ಕಷ್ಟಗಳೂ ಇವೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸಕ್ಕರೆ, ಗ್ಯಾಸು ಬೆರೆತ ಪಾನೀಯಕ್ಕೆ ಸೆಸ್ ಸೇರಿ ಬಿದ್ದ ತೆರಿಗೆ ಶೇ 40. 2025ರ ಸೆಪ್ಟೆಂಬರಿನಲ್ಲಿ ಸೆಸ್ ಹೋಯಿತು, ಶೇ 40 ಹಾಗೆಯೇ ಉಳಿಯಿತು. ಬಹುರಾಷ್ಟ್ರೀಯ ಕೋಲಾಕ್ಕೆ ಎಷ್ಟೋ, ಹಳ್ಳಿಯಲ್ಲಿ ಹತ್ತಾಳು ಸೇರಿ ತುಂಬುವ ಜೀರಾ ಸೋಡಾಕ್ಕೂ ಅಷ್ಟೇ. ಬಿಂದುವಿನಷ್ಟು ಬೆಳೆದ ಸಂಸ್ಥೆ ಇದನ್ನು ಹೇಗೋ ತಾಳಿಕೊಂಡೀತು. ಈಗಷ್ಟೇ ಹುಟ್ಟುವ ಘಟಕಕ್ಕೆ ಇದು ದೊಡ್ಡ ಹೊರೆ. ಸಣ್ಣ ತಯಾರಕರಿಗಾದರೂ ಬೇರೆ ದರ ಇರಬೇಕಾದ್ದು ನ್ಯಾಯ. ಒಂದು ಕಾಲದಲ್ಲಿ ಪೇಟೆಪೇಟೆಯಲ್ಲಿದ್ದ ಗೋಲಿ ಸೋಡಾದವರು ಪ್ಲಾಸ್ಟಿಕ್ ಬಾಟಲಿಯ ಎದುರು ಒಬ್ಬೊಬ್ಬರಾಗಿ ಬಾಗಿಲು ಹಾಕಿದ್ದನ್ನೂ ಇಲ್ಲಿ ನೆನೆಯಬೇಕು. ಅವರಲ್ಲೂ ಕಸುಬು ಬಲ್ಲವರಿದ್ದರು, ಮುಂದಿನ ಹೆಜ್ಜೆಗೆ ಬೇಕಾದ ಸಾಲ ಮಾತ್ರ ಇರಲಿಲ್ಲ.

ಇಂದು ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಕರಗಿವೆ. ಕಡಬದ ಹಳ್ಳಿಗಳಲ್ಲಿ ಎಲೆಚುಕ್ಕಿಯ ಚಿಂತೆ. ತೋಟ ನಂಬಿ ಕೂರುವ ಕಾಲ ಮುಗಿದಿದೆ ಎಂದು ಮಕ್ಕಳಿಗೆ ಗೊತ್ತಾಗಿಬಿಟ್ಟಿದೆ. ಅಡಿಕೆ ಹಾಳೆಯ ತಟ್ಟೆ, ಹಲಸಿನ ಹಪ್ಪಳ, ಪುನರ್ಪುಳಿಯ ಶರಬತ್ತು, ಹೀಗೆ ಮಾಡಬಲ್ಲ ಕೆಲಸ ಬೇಕಾದಷ್ಟಿದೆ. ಆದರೂ ಸಾಲದ ಅರ್ಜಿ ಹಿಡಿದು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಜಾಮೀನಿನದ್ದು. ಬೆಳ್ಳಾರೆಯ ಆ ಹುಡುಗನಿಗೆ ರಿಕ್ಷಾದ ಸಾಲ ಸಿಕ್ಕಾಗ ಅವನ ಬಳಿ ಇದ್ದ ಆಸ್ತಿಯೆಂದರೆ ದುಡಿಯುವ ಛಲ, ಮರಳಿಸುವ ಮಾತು. ಅಂಥವರು ಪುತ್ತೂರಿನಲ್ಲಿ, ಸುಳ್ಯದಲ್ಲಿ, ಕಡಬದಲ್ಲಿ ಈಗಲೂ ಇದ್ದಾರೆ. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೊರಟುಬಿಟ್ಟವರಲ್ಲೂ ಎಷ್ಟೋ ಮಂದಿ ಇದ್ದರು. ಅವರು ಹೊರಡುವ ಮೊದಲು ಊರಿನಲ್ಲೇ ಯಾರಾದರೂ ಅವರನ್ನು ನಂಬಬಹುದಿತ್ತು.