ಅನುಭವ ಅಳಿದರೂ ಉಳಿಯುವ ಗುರುತು: ಏನಿದು ಮನಸ್ಸಿನ 'ಸಂಸ್ಕಾರ'?

ಕುಂದಾಪುರ: ವಿಜಯದಶಮಿಯಂದು ಕೊಲ್ಲೂರು ಮೂಕಾಂಬಿಕಾ ದೇವಳದ ಸರಸ್ವತಿ ಮಂಟಪದಲ್ಲಿ ಪುಟ್ಟ ಮಕ್ಕಳ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸಲಾಗುತ್ತದೆ. ಕೆಲವರು ಅಳುತ್ತಾರೆ, ಕೆಲವರು ಅಕ್ಕಿಯನ್ನೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಬೆಳೆದ ಮೇಲೆ ಇವರಲ್ಲಿ ಬಹುತೇಕರಿಗೆ ಆ ದಿನದ ನೆನಪೇ ಇರುವುದಿಲ್ಲ. ಹಾಗಾದರೆ ಬರೆಸಿದ್ದರ ಫಲವೇನು? ಅನುಭವ ಮರೆತುಹೋದರೂ ಅದು ಬಿಟ್ಟ ಗುರುತು ಉಳಿಯುತ್ತದೆ ಎಂಬುದು ಭಾರತೀಯ ದರ್ಶನಗಳ ಉತ್ತರ. ಆ ಗುರುತಿನ ಹೆಸರು 'ಸಂಸ್ಕಾರ'. ಅಕ್ಷರಾಭ್ಯಾಸದಂತಹ ವಿಧಿಗೂ ಅದೇ ಶಬ್ದ ಬಳಕೆಯಲ್ಲಿರುವುದು ಗಮನಾರ್ಹ.

ನ್ಯಾಯಶಾಸ್ತ್ರ ಕಲಿಯುವವರ ಮೊದಲ ಪಠ್ಯಗಳಲ್ಲಿ ಒಂದಾದ ಅನ್ನಂಭಟ್ಟನ 'ತರ್ಕಸಂಗ್ರಹ'ವು ಸಂಸ್ಕಾರ ಮಾತ್ರದಿಂದ ಹುಟ್ಟುವ ಜ್ಞಾನವೇ ಸ್ಮೃತಿ ಎನ್ನುತ್ತದೆ. ಸುಪ್ತವಾಗಿರುವ ಸಂಸ್ಕಾರವನ್ನು ಎಚ್ಚರಿಸುವ ಸಂಗತಿಗೆ 'ಉದ್ಬೋಧಕ' ಎಂದು ಹೆಸರು. ಬೆಂಗಳೂರು, ಮುಂಬಯಿಯಿಂದ ಬಹುಕಾಲದ ಬಳಿಕ ಊರಿಗೆ ಬರುವವರು ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಕಂಡೊಡನೆ ಎಂದೋ ಮರೆತ ಶಾಲಾ ದಿನಗಳಿಗೆ ಮರಳುವುದು ಹೀಗೆ. ಈ ಸಂಸ್ಕಾರ ನೆಲೆಸಿರುವುದು ಆತ್ಮದಲ್ಲಿ ಎಂದು ನೈಯಾಯಿಕರೂ, ಚಿತ್ತದಲ್ಲಿ ಎಂದು ಯೋಗದರ್ಶನದವರೂ ವಾದಿಸುತ್ತಾರೆ. ಈ ಭಿನ್ನಾಭಿಪ್ರಾಯ ಸಣ್ಣದಲ್ಲ. ಚಿತ್ತದಲ್ಲಿದೆ ಎಂದಾದರೆ ನೋವಿನ ಗುರುತು ಆತ್ಮಕ್ಕೆ ಅಂಟಿದ್ದಲ್ಲ ಎಂದಾಗುತ್ತದೆ.

ಮನಸ್ಸನ್ನು ಉಗ್ರಾಣಕ್ಕೆ ಹೋಲಿಸುವುದು ವಾಡಿಕೆ. ಆದರೆ ಯೋಗಸೂತ್ರದ ವ್ಯಾಸಭಾಷ್ಯ ಹೇಳುವ ಚಿತ್ರ ಬೇರೆಯೇ. ಅಲ್ಲಿ ವೃತ್ತಿಯಿಂದ ಸಂಸ್ಕಾರ, ಸಂಸ್ಕಾರದಿಂದ ಮತ್ತೆ ವೃತ್ತಿ ಎಂಬ ಚಕ್ರವು ಹಗಲಿರುಳು ತಿರುಗುತ್ತಿರುತ್ತದೆ. ಪತಂಜಲಿಯು ಎಣಿಸುವ ಐದು ಚಿತ್ತವೃತ್ತಿಗಳಲ್ಲಿ ಸ್ಮೃತಿಯೂ ಒಂದು. ಎಂದರೆ ನೆನಪು ಮಾಡಿಕೊಳ್ಳುವ ಕ್ರಿಯೆಯೇ ಹೊಸದೊಂದು ಗುರುತನ್ನು ಮೂಡಿಸುತ್ತದೆ. ಅವಮಾನವೊಂದನ್ನು ಹತ್ತು ವರ್ಷ ಮೆಲುಕು ಹಾಕಿದವನಲ್ಲಿ ಉಳಿದಿರುವುದು ಅಂದಿನ ಮಾತಿಗಿಂತ ಹೆಚ್ಚಾಗಿ ಆ ಮೆಲುಕಿನ ಸಂಸ್ಕಾರ.

ಈ ಚಕ್ರದ ಒಳ್ಳೆಯ ಮುಖವನ್ನು ನೋಡಬೇಕಿದ್ದರೆ ಮಂದಾರ್ತಿ, ಮಾರಣಕಟ್ಟೆ ಮೇಳಗಳ ಬಯಲಾಟಕ್ಕೆ ಹೋಗಬೇಕು. ಭಾಗವತರ ಪದ್ಯ ಪ್ರಸಂಗದಲ್ಲಿ ಬರೆದಿಟ್ಟದ್ದು, ವೇಷಧಾರಿಯ ಅರ್ಥ ಬರೆದಿಟ್ಟದ್ದಲ್ಲ. ಹಿರಿಯ ಕಲಾವಿದರಿಂದ ಕೇಳಿದ್ದು, ಓದಿದ್ದು, ಚೌಕಿಯಲ್ಲಿ ಕಂಡದ್ದು ಎಲ್ಲವೂ ಚೆಂಡೆಯ ಪೆಟ್ಟಿಗೆ ಎಚ್ಚತ್ತು ಮಾತಾಗುತ್ತದೆ, ಹೆಜ್ಜೆಯಾಗುತ್ತದೆ. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದರೆ ಮಾತ್ರ ದೃಢವಾಗುತ್ತದೆ ಎಂಬ ಪತಂಜಲಿಯ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಈ ಲೇಖಕನಿಗೆ ತೋಚುತ್ತಿಲ್ಲ.

ಭಯವೂ ಇದೇ ದಾರಿಯಲ್ಲಿ ಬೇರೂರುತ್ತದೆ. ಗಂಗೊಳ್ಳಿಯ ಅಳಿವೆಯಲ್ಲಿ ನಾಡದೋಣಿ ಮಗುಚಿ ಬದುಕಿ ಬಂದವನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ ಮಳೆಗಾಲದ ಅಲೆಯ ಸದ್ದೇ ಉದ್ಬೋಧಕ. 'ಮರೆತುಬಿಡು ಮಾರಾಯ' ಎಂದರೆ ಸಂಸ್ಕಾರ ಅಳಿಯದು. ಒಂದು ಸಂಸ್ಕಾರವನ್ನು ತಡೆಯಬಲ್ಲದ್ದು ಇನ್ನೊಂದು ಸಂಸ್ಕಾರ ಎಂಬುದು ಯೋಗಶಾಸ್ತ್ರದ ನಿಲುವು. ಜಪ, ಧ್ಯಾನ, ಭಜನೆಗಳಿಗೆ ಅದು ಇಷ್ಟೊಂದು ಬೆಲೆ ಕೊಡುವುದೂ ಈ ಕಾರಣಕ್ಕೆ.

ಆಧುನಿಕ ಮನಶ್ಶಾಸ್ತ್ರವೂ ನೆನಪನ್ನು ಉಗ್ರಾಣವೆಂದು ಒಪ್ಪುವುದಿಲ್ಲ. ಬ್ರಿಟನ್ನಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನೆನಪೆಂದರೆ ಪ್ರತಿಬಾರಿಯೂ ಹೊಸದಾಗಿ ಕಟ್ಟಿಕೊಳ್ಳುವ ಕೆಲಸವೆಂದು ತೋರಿಸಿದರು. ಕರೀಮ್ ನಾಡರ್ ಮತ್ತು ಸಂಗಡಿಗರು 2000ದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮತ್ತೆ ಎಚ್ಚರಗೊಂಡ ಭಯದ ನೆನಪು ಕೆಲಹೊತ್ತು ಸಡಿಲವಾಗಿ, ಬದಲಾಗಬಲ್ಲ ಸ್ಥಿತಿಯಲ್ಲಿರುತ್ತದೆ ಎಂಬುದು ಕಂಡುಬಂತು. ಋಷಿಗಳಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಎದೆತಟ್ಟಿಕೊಳ್ಳಬೇಕಿಲ್ಲ. ಅವರ ಗುರಿ ಚಿತ್ತದ ನಿರೋಧ, ಇವರದ್ದು ಮಿದುಳಿನ ಅಧ್ಯಯನ. ಆದರೂ ಹೋಲಿಕೆ ಕುತೂಹಲಕರ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸಂಸ್ಕಾರ ಹಿಂದಿನ ಜನ್ಮಗಳಿಂದಲೂ ಹರಿದುಬರುತ್ತದೆ ಎಂದು ಶಾಸ್ತ್ರ ನಂಬುತ್ತದೆ. ಆದರೆ ಮಗನನ್ನು ಕಡಲಿಗೆ ಕಳೆದುಕೊಂಡ ತಾಯಿಯ ಮುಂದೆ 'ಎಲ್ಲ ಪೂರ್ವಜನ್ಮದ್ದು' ಎನ್ನುವುದು ಶಾಸ್ತ್ರವೂ ಅಲ್ಲ, ಸಮಾಧಾನವೂ ಅಲ್ಲ. ಅವರಿಗೆ ಬೇಕಾದದ್ದು ಬಳಿಯಲ್ಲಿ ಕೂತು ಕೇಳುವವರು. ತಿಂಗಳುಗಟ್ಟಲೆ ನಿದ್ರೆ, ಊಟ ಬಿಟ್ಟವರಿಗೆ ಭಜನೆಯೊಂದಿಗೆ ವೈದ್ಯರ ನೆರವೂ ಬೇಕು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.